ಅಂಟು

ಶನಿವಾರ ಬೆಳಿಗ್ಗೆ ಶಿವಾಜಿನಗರದಲ್ಲಿ
ಅರ್ಧ ಕೇಜಿ ಈಲಿ ಕೊಳ್ಳುತ್ತೇನೆ.
ಪಿತ್ತ ತಾಗಿರಬಾರದು ಅಂದರೆ
ಅಂಗಡಿಯ ನಯಾಜ್ ನಗುತ್ತಾನೆ:
ಯಾರಪ್ಪ ನೆಂಟರು ಪಿಳ್ಳಪ್ಪ, ಇಷ್ಟು ನಾಜೂಕು?

ನೆಂಟರಿರುವುದು ಹೆಬ್ಬಾಳದ ಆಚೆ, ಎರಡನೇ ಮಹಡಿಯಲ್ಲಿ,
ಪ್ಲಾಸ್ಟಿಕ್ ಡಬ್ಬಿಯ ನೀರಿನಲ್ಲಿ.
ಕತ್ತರಿಸಿ ಬಿಸಾಕಿದ ಉಗುರಿನಷ್ಟು ಉದ್ದ,
ಚಪ್ಪಟೆ, ಕಂದು, ಎರಡು ಮೆಳ್ಳಗಣ್ಣು.
ನಲ್ಲಿಯ ಕಾವೇರಿ ಇವಕ್ಕೆ ಆಗದು, ಕ್ಲೋರಿನ್ ವಾಸನೆ.
ತುಂಡು ಮಾಡಿದರೆ ತಲೆಗೆ ಬಾಲ, ಬಾಲಕ್ಕೆ ತಲೆ.
ಸೇರಿದ ಹೊಸತರಲ್ಲಿ ನಂಬದೆ
ಒಂದು ಬಾಲದ ತುಂಡನ್ನು ದಿನಾ ಹೋಗಿ ನೋಡುತ್ತಿದ್ದೆ,
ಸಾಲ ಕೊಟ್ಟವನ ಹಾಗೆ.
ಏಳನೇ ದಿನ ಅದು ನನ್ನನ್ನು ನೋಡಿತು.

ಈಲಿಯ ಪೊರೆ ಬಿಡಿಸಿ, ಹೆಚ್ಚಿ, ಜಾಲರಿಯಲ್ಲಿ ತಿಕ್ಕಿಕೊಟ್ಟರೆ
ಪೂವಮ್ಮ ಅದಕ್ಕೆ ಒಂದು ಹನಿ ಕೆಂಪು ಬಣ್ಣ,
ಒಂದು ಹನಿ ಮತ್ತೇನೋ ಬೆರೆಸುತ್ತಾಳೆ.
ಏನಮ್ಮ ಅದು ಅಂದೆ.
ಒಂದು ಮಾತನ್ನು, ಬಾಯಿಗೆ ಬರುವ ಮುಂಚೆಯೇ
ಅಳಿಸುವ ಮದ್ದು ಅಂದಳು.

ಕೊಡಗಿನ ಹುಡುಗಿ. ಐದು ವರ್ಷದಿಂದ ಒಂದೇ ಪ್ರಶ್ನೆ:
ನರಕೋಶ ತನ್ನ ಪಕ್ಕದ ಕೋಶಕ್ಕೆ ಏನು ಹೇಳುತ್ತದೆ?
ಆ ಮಾತಿಗೆ ಹೆಡ್ಜ್‌ಹಾಗ್ ಅಂತ ಹೆಸರು,
ಯಾವುದೋ ಮುಳ್ಳಿನ ಪ್ರಾಣಿಯಂತೆ.
ಈ ಹುಳದ ಮೈಯಲ್ಲಿ ಹುಡುಕಿದರೂ ಒಂದು ಮುಳ್ಳಿಲ್ಲ.
ಕೇಳಿಸಿಕೊಳ್ಳುವ ಪಕ್ಕದ ಕೋಶ ಗ್ಲಿಯಾ.
ಅದು ಸುದ್ದಿ ಒಯ್ಯುವುದಿಲ್ಲ ಅಣ್ಣಾ,
ಒಯ್ಯುವವರ ನಡುವೆ ಕೈ ಚಾಚಿಕೊಂಡು ಇರುತ್ತದೆ.
ಗ್ಲಿಯಾ ಅಂದರೆ ಅಂಟು, ಅಷ್ಟೇ.

ಅಷ್ಟೇ?
ಇಪ್ಪತ್ತೆರಡು ವರ್ಷ ಗಾಂಧಿನಗರದಲ್ಲಿ
ಸಿನಿಮಾ ಪೋಸ್ಟರ್ ಹಚ್ಚಿದವನ ಮುಂದೆ ಅಷ್ಟೇ ಅನ್ನಬೇಡಮ್ಮ.
ಗುರುವಾರ ರಾತ್ರಿ ಮೈದಾ ಕುದಿಸಬೇಕು,
ಚಿಟಿಕೆ ಮೈಲುತುತ್ತು ಹಾಕಬೇಕು,
ಇಲ್ಲದಿದ್ದರೆ ಬೆಳಗಾಗುವುದರೊಳಗೆ ಹಸು
ಹೀರೋನ ಗಲ್ಲ ತಿಂದಿರುತ್ತದೆ.
ತೆಳುವಾದರೆ ಜಾರುತ್ತದೆ, ಗಟ್ಟಿಯಾದರೆ ಹೀರೋಯಿನ್‌ಗೆ ಸುಕ್ಕು.
ಶುಕ್ರವಾರ ಜನ ಮುಖ ನೋಡಿ ಶಿಳ್ಳೆ ಹೊಡೆಯುತ್ತಿದ್ದರು.
ನಾನು ಮೂಲೆ ನೋಡುತ್ತಿದ್ದೆ, ಎದ್ದಿದೆಯಾ ಅಂತ.
ಆಮೇಲೆ ಫ್ಲೆಕ್ಸ್ ಬಂತು. ಅದಕ್ಕೆ ಹಗ್ಗ ಸಾಕು.
ಮೈಲುತುತ್ತು ತಾಕಿದರೆ ಈ ಹುಳ ಸಾಯುತ್ತವೆ ಅಂತ ಕೇಳಿ
ಕೆಲಸಕ್ಕೆ ಸೇರಿದ ದಿನ ಮೂರು ಸಲ ಕೈ ತೊಳೆದೆ,
ಬಕೆಟ್ ಬಿಟ್ಟು ಎಂಟು ವರ್ಷ ಆಗಿದ್ದರೂ.

ಮದ್ದು ಉಣಿಸಿ ಮೂರು ವಾರ.
ಕತ್ತಲೆ ಕೋಣೆಗೆ ಪೂವಮ್ಮ ಕರೆದಳು.
ಮೊದಲು ಬರೀ ಈಲಿ ತಿಂದ ಹುಳ:
ಏಣಿಯ ಹಾಗೆ ಎರಡು ನರಹಗ್ಗ,
ನಡುನಡುವೆ ಹಾಗಲದ ಕುಡಿಯಂತೆ
ಎಳೆ ಬಿಟ್ಟುಕೊಂಡ ನೇರಳೆ ಚುಕ್ಕಿಗಳು.
ಆಮೇಲೆ ಮದ್ದು ತಿಂದದ್ದು:
ಏಣಿ ಇದೆ.
ಚುಕ್ಕಿ ಹುಡುಕಬೇಕು.

ಸತ್ತವಾ?
ಗೊತ್ತಿಲ್ಲ ಅಣ್ಣಾ. ಬದುಕಿಯೇ ಇರಬಹುದು,
ಯಾರೂ ಮಾತಾಡಿಸದೆ ಗುರುತು ಬಿಟ್ಟಿರಬಹುದು.

ಡಬ್ಬಿಯಲ್ಲಿ ಅವುಗಳ ಜೊತೆಯವು ಎಂದಿನಂತೆ ಜಾರುತ್ತಿದ್ದವು.
ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ ಅಂದಳು.
ನನಗೆ ಮಾತ್ರ, ಈಲಿ ಬಿಟ್ಟಾಗ,
ಒಂದು ಗಳಿಗೆ ತಡವಾಗಿ ತಿರುಗಿದವು ಅನ್ನಿಸಿತು.
ಹೇಳಿದೆ. ಅವಳು ಬರೆದುಕೊಳ್ಳಲಿಲ್ಲ. ಸರಿಯೇ,
ಅನ್ನಿಸಿದ್ದನ್ನು ಅಳೆಯುವ ಗಡಿಯಾರ ಎಲ್ಲಿದೆ.

ಮುಂದೆ ಅವಳು ಬರೆಯಲು ಕುಳಿತಳು.
ದಿನಾ ಬಾಗಿಲಲ್ಲೇ ಕೇಳುತ್ತಿದ್ದ, ತಿಂಡಿ ಆಯ್ತಾ ಅಣ್ಣಾ,
ಒಂಬತ್ತು ದಿನ ಕೇಳಲಿಲ್ಲ.
ನಾನು ಡಬ್ಬಿ ತೊಳೆದೆ, ನೀರು ಬದಲಿಸಿದೆ,
ಈಲಿ ತಂದೆ, ಸೋಸಿದೆ.
ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ.

ಹತ್ತನೇ ದಿನ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ,
ತಿಂಡಿ ಆಯ್ತಾ ಅಂದಳು.
ಇಲ್ಲ ಅಂದೆ.
ಆಗಿತ್ತು.